ನಾನು ಬರೆಯದೆ ಬಿಟ್ಟ ಪುಟ

ವೇದಿಕೆಯ ಹಿರಿಯರಿಗೆ, ಜಗಳೂರು, ಹೊನ್ನಾಳಿ, ನ್ಯಾಮತಿ ಕಡೆಯಿಂದ ಬಸ್ಸು ಹಿಡಿದು ಬಂದಿರುವ ಶಾಲಾ ಗುಮಾಸ್ತ ಮಿತ್ರರಿಗೆ, ಮುಂದೆ ಕುಳಿತಿರುವ ತಿಪ್ಪೇಶಪ್ಪನವರ ಪತ್ನಿ ಕೊಟ್ರಮ್ಮನವರಿಗೆ, ಅವರ ಮಗಳು ಸುಚಿತ್ರಾಗೆ — ನಮಸ್ಕಾರ. ನಾನು ಮರುಳಸಿದ್ದಪ್ಪ, ಸವಳಂಗದ ಕಡೆಯ ಶಾಲೆಯ ಗುಮಾಸ್ತ. ತಿಪ್ಪೇಶಪ್ಪನವರು ನಮ್ಮನ್ನು ಅಗಲಿ ಇಂದಿಗೆ ಹನ್ನೊಂದು ದಿನ. ಹೊಗಳುವ ಭಾಷಣ ನನಗೆ ಬರುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನಮ್ಮ ಕಚೇರಿಗಳ ಕಂಪ್ಯೂಟರಿನಲ್ಲಿರುವುದು ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. ಅದನ್ನು ಬಳಸುವುದು ಹೇಗೆಂದು ನಮಗೆ ತಿಳಿಯುವ ಕನ್ನಡದಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ನಮ್ಮ ಹಾಗೆಯೇ ಗುಮಾಸ್ತರಾಗಿದ್ದ ತಿಪ್ಪೇಶಪ್ಪನವರು ಸೊಕ್ಕೆಯ ಶಾಲೆಯಲ್ಲಿ ಕೂತು ಅದಕ್ಕಾಗಿ ಒಂದು ಜಾಲತಾಣ ಶುರುಮಾಡಿದರು. ನಿಯಮ ಒಂದೇ — ಸಹಾಯ ಪಡೆದವರೇ ತಾವು ಕಲಿತದ್ದನ್ನು ಅಲ್ಲಿ ಬರೆಯಬೇಕು. ಫೋನಿನಲ್ಲಿ ಹೇಳಿಕೊಟ್ಟು, ಕೊನೆಗೆ "ತಿಳೀತಲ್ಲ? ಈಗ ಬರೀರಿ" ಎನ್ನುತ್ತಿದ್ದರು. ಹೀಗೆ ನೂರ ನಲವತ್ತು ಪುಟಗಳಾದವು.

ಬರೆದರೆ ಮುಗಿಯಲಿಲ್ಲ — ಪರೀಕ್ಷೆ. ಅವರ ಶಾಲೆಯಲ್ಲಿ ಅಡುಗೆ ಮಾಡುವ ದುರುಗಮ್ಮ, ಇಲ್ಲೇ ಇದ್ದಾರೆ, ಪುಟ ಮಾತ್ರ ಓದಿಕೊಂಡು ಕಂಪ್ಯೂಟರಿನಲ್ಲಿ ಆ ಕೆಲಸ ಮಾಡಬೇಕು. ಬರೆದವರು ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು — ನೋಡಿ, ಹೀಗೆ. ನನ್ನ ಮೊದಲ ಪುಟ ನೋಡಿ ದುರುಗಮ್ಮ, "ಸರ, ಉಳಿಸಿ ಅಂತ ಐತೆ, ಎಲ್ಲಿ ಒತ್ತಬೇಕು ಅಂತ ಇಲ್ಲಲ್ಲ" ಎಂದರು. ನಾನು ಮೌಸ್ ಹಿಡಿಯಲು ಹೋದೆ. ತಿಪ್ಪೇಶಪ್ಪ ನನ್ನ ಕೈ ಹಿಡಿದರು. "ಕೈ ಹಿಂದಕ್ಕೆ ತಗೋರಿ. ನಾಳೆ ಓದೋರ ಪಕ್ಕ ನೀವು ಇರಾಕೆ ಆಗಲ್ಲ." ನನಗೆ ಸಿಟ್ಟು ಬಂದಿತ್ತು. ಆದರೂ ಮೂರು ಸಲ ತಿದ್ದಿ ಬರೆದೆ.

ಎರಡನೆಯ ಪುಟ ಬರೆಯಲೇ ಇಲ್ಲ. ಪಟ್ಟಿಯಲ್ಲಿರುವ ಹೆಸರುಗಳನ್ನು ಒಂದೊಂದು ಪತ್ರಕ್ಕೆ ಕಂಪ್ಯೂಟರೇ ಕೂರಿಸುವ ಹಾಗೆ ಮಾಡುವ ಕೆಲಸ — ನಾಲ್ಕು ಸಲ ಹೇಳಿಕೊಟ್ಟರು. ನಾಲ್ಕು ಸಲವೂ "ನಾಳೆ ಬರೀತೀನ್ರೀ" ಎಂದೆ. ಅವರಿಗೆ ಫೋನ್ ಮಾಡುವುದೇ ನನಗೆ ಸಲೀಸಾಗಿತ್ತು.

ಈ ಸಭೆಗೆ ಅರವತ್ತೆರಡು ಪತ್ರ ಕಳಿಸಬೇಕಿತ್ತು. ಅರ್ಧಕ್ಕೆ ಸಿಕ್ಕಿಹಾಕಿಕೊಂಡೆ. ಫೋನ್ ತೆಗೆದು, ಅವರ ಹೆಸರಿನ ಮೇಲೆ ಬೆರಳಿಟ್ಟ ಮೇಲೆ ನೆನಪಾಯಿತು. ಜಾಲತಾಣ ತೆರೆದೆ. ಪುಟದ ತಲೆಬರಹ ಇದೆ. "ಬರೆಯುವವರು: ಮರುಳಸಿದ್ದಪ್ಪ" ಎಂದು ಅವರೇ ಹಾಕಿದ್ದಾರೆ. ಕೆಳಗೆ ಏನೂ ಇಲ್ಲ. ನಿಮ್ಮ ಕೈಗೆ ಬಂದ ಪತ್ರಗಳ ಹೆಸರನ್ನೆಲ್ಲ ನಾನು ಒಂದೊಂದಾಗಿ ಟೈಪ್ ಮಾಡಿದ್ದು. ಕೊಟ್ರಮ್ಮನವರೇ, ನಾಚಿಕೆಯಾಯಿತು. ಅತ್ತುಬಿಟ್ಟೆ.

ನಿನ್ನೆ ದಿನವಿಡೀ ಕೂತು, ತಪ್ಪಿ ತಪ್ಪಿ, ಆ ಕೆಲಸ ಕಲಿತು ಪುಟ ಬರೆದಿದ್ದೇನೆ. ಸಭೆ ಮುಗಿದ ಮೇಲೆ ದುರುಗಮ್ಮ ಪರೀಕ್ಷೆ ಮಾಡುತ್ತಾರೆ. ನಿಮ್ಮಲ್ಲೂ ಎಷ್ಟೋ ಜನ "ನಾಳೆ" ಎಂದವರಿದ್ದೀರಿ, ನನಗೆ ಗೊತ್ತು. ಬರೆಯಿರಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಒಂದು ನಿಮಿಷ ಮಾತು ಬೇಡ. ತಿಪ್ಪೇಶಪ್ಪನವರು ನಮ್ಮನ್ನು ನಿಲ್ಲಿಸುತ್ತಿದ್ದ ಹಾಗೆಯೇ — ಕೈ ಹಿಂದೆ ಕಟ್ಟಿಕೊಂಡು.