ಫಜ್ ಪೆಟ್ಟಿಗೆಯೂ ತಾತನ ಪಾವೂ

ನೆಗಮಂ ಊರಿನ ನಮ್ಮ ಚಿಕ್ಕಮ್ಮ ವಿಜಯಮ್ಮನ ಮಗ ನಂಜುಂಡನ್‌ಗೆ ಆದದ್ದಿದು. ನಗುವವರು ಈಗಲೇ ನಕ್ಕುಬಿಡಿ.

ಪೊಳ್ಳಾಚಿಯಿಂದ ಕೊನೇ ಬಸ್ಸಿಗೆ ಬಂದಿಳಿದ. ಜೇಬಿನಲ್ಲಿ ಎರಡು ಟ್ರಾನ್ಸಿಸ್ಟರ್. ಗಿಟಾರಿನ ನಯವಾದ ದನಿಯನ್ನು ಒರಟು ಮಾಡುವ ಫಜ್ ಸರ್ಕ್ಯೂಟಿಗೆ ಅಷ್ಟೇ ಬಾಕಿ. ಮರುದಿನ ಕಿಣತ್ತುಕಡವಿನಲ್ಲಿ ಅವನ ಮೊದಲ ಗಿಟಾರ್ ಕಚೇರಿ. ಊರಿನ ದೊಡ್ಡ ಬಾವಿ ದಾಟುವಾಗ ಒಳಗಿಂದ ಸದ್ದು... ಟಕ್... ಧಡ್. ಮಗ್ಗದ ಲಾಳಿ ಓಡಿ, ಹಲಗೆ ಬಡಿದ ಸದ್ದು. ಬಾವಿಯೊಳಗೆ ಯಾರಪ್ಪ ನೇಯುವವರು? ಬಿರಬಿರನೆ ನಡೆದ.

ಮನೆಯಲ್ಲಿ ಕೂತು ಬೆಸುಗೆ ಹಾಕಲು ಜಾಗವೆಂದರೆ ತಾತ ದೊಡ್ಡಯ್ಯನ ಗುಂಡಿ ಮಗ್ಗ ಒಂದೇ. ತಾತ ಸತ್ತು ಹದಿನೈದು ದಿನ. ಸೀರೆ ಅರ್ಧಕ್ಕೇ ನಿಂತಿತ್ತು. ಸತ್ತವರ ಪಾವು, ಅಂದರೆ ಮಗ್ಗಕ್ಕೆ ಹಾಸಿದ ನೂಲು, ಮನೆಯವರೇ ನೇಯ್ದು ಮುಗಿಸಬೇಕು. ಕತ್ತರಿಸುವಂತಿಲ್ಲ. ಇವನಿಗೋ ಅವಸರ. ಕತ್ತರಿ ತಗೊಂಡ.

"ಬೇಡ ನನ್ನ ಕಣ್ಣು," ವಿಜಯಮ್ಮ ಪಿಸುಗುಟ್ಟಿದಳು. "ತಾತ ಇನ್ನೂ ಮಗ್ಗ ಬಿಟ್ಟು ಎದ್ದಿಲ್ಲ."

"ನೀ ಮಲಕ್ಕೋ ಅಮ್ಮ."

ಕರಕ್... ಕರಕ್... ನೂಲು ಜೋತುಬಿತ್ತು. ಅಲ್ಲೇ ಸರ್ಕ್ಯೂಟ್ ಬೋರ್ಡ್ ಇಟ್ಟು ಬೆಸುಗೆ ಹಾಕಿದ. ಬ್ಯಾಟರಿ ಸಿಕ್ಕಿಸಿದ. ಸ್ಪೀಕರಿನಲ್ಲಿ ಜ್ಝ್ಝ್... ಗಿಟಾರನ್ನು ಇನ್ನೂ ಮುಟ್ಟಿರಲಿಲ್ಲ. ಆದರೂ ಬಂತು... ಟಕ್... ಧಡ್. ಎಲ್ಲೋ ಬೆಸುಗೆ ಸಡಿಲ ಅಂದುಕೊಂಡ. ಬ್ಯಾಟರಿ ಕಿತ್ತ. ಟಕ್... ಧಡ್. ಈಗ ಪಕ್ಕದಲ್ಲೇ.

ಬೋರ್ಡ್ ಎತ್ತಿಕೊಳ್ಳಲು ಎಡಗೈ ಚಾಚಿದ. ಮಗ್ಗದ ಬಡಿಹಲಗೆ ತಾನಾಗಿ ಬಂದು ಬಡಿಯಿತು. ಬೆರಳಿನ ಮೂಳೆ ಪಟಪಟನೆ ಮುರಿಯಿತು. ಕೈ ಎಳೆದುಕೊಳ್ಳೋಣವೆಂದರೆ ಕತ್ತರಿಸಿದ ನೂಲು ಮಣಿಕಟ್ಟನ್ನು ಬಿಗಿದಿತ್ತು. ಧಡ್... ಮೂರನೇ ಏಟಿಗೆ ಮಾಂಸ ಸೀಳಿ ಎರಡು ಬೆರಳು ನೇತಾಡಿದವು. ಸ್ಪೀಕರಿನ ಮೇಲೆಲ್ಲ ರಕ್ತ. ಹುಡುಗ ಚೀರಿ ಪ್ರಜ್ಞೆ ತಪ್ಪಿದ.

ವಿಜಯಮ್ಮ ಓಡಿಬಂದಳು. ನೋಡಲಾರದೆ ಕಣ್ಣು ಮುಚ್ಚಿಕೊಂಡೇ ಸೆರಗು ಹರಿದು ಕೈಗೆ ಸುತ್ತಿದಳು. ಹೆತ್ತ ಕರುಳು, ಇನ್ನೇನು ಮಾಡೀತು. ಪಕ್ಕದ ಮನೆಯ ಸೆಂದಿಲ್ ಕುಮಾರ್ ಬೈಕಿನಲ್ಲಿ ಆಸ್ಪತ್ರೆಗೆ ಒಯ್ದ.

ಡಾಕ್ಟರ್ ಕೈಗೆ ಸುತ್ತಿದ ಬಟ್ಟೆ ಬಿಚ್ಚಿದವರು, ಮೊದಲೇ ಹೊಲಿಗೆ ಹಾಕಿದ್ದು ಯಾರು ಅಂತ ಕೇಳಿದರು. ಎರಡೂ ಬೆರಳು ಆ ಪಾವಿನ ಹತ್ತಿ ನೂಲಿನಲ್ಲಿ ಕೈಗೆ ಸೇರಿಕೊಂಡಿದ್ದವು. ಬೆರಳು ಉಳಿದವು, ತಂತಿ ಒತ್ತಲು ಮಾತ್ರ ಬಗ್ಗುವುದಿಲ್ಲ. ಒಟ್ಟು ಹನ್ನೊಂದು ಗಂಟು. ಎಲ್ಲವೂ ನೇಕಾರರು ಕಿತ್ತುಹೋದ ಎಳೆಗೆ ಹಾಕುವ ಗಂಟು. ವಿಜಯಮ್ಮನಿಗೆ ಅದು ಬರುವುದಿಲ್ಲ, ಮಗ ಕಲಿಯಲೇ ಇಲ್ಲ. ಸುಳ್ಳಲ್ಲ... ನಾನೇ ಎಣಿಸಿದ್ದೇನೆ.