ನಾಲ್ಕನೇ ಅಧ್ಯಾಯ ತೆಗೆಯುವುದಿಲ್ಲ

ಮಾನ್ಯ ಅಧ್ಯಕ್ಷರೂ ನಮ್ಮ ವಿಭಾಗದ ಮುಖ್ಯಸ್ಥರೂ ಆದ ಡಾಕ್ಟರ್ ಕಾರ್ಲ್ಟನ್ ಹೋಲ್ಡರ್ ಅವರೇ, ಇಂಗ್ಲೆಂಡಿನಿಂದ ಬಂದಿರುವ ಮುಖ್ಯ ಅತಿಥಿಗಳೇ, ಪಾಠ ಹೇಳಿದ ಗುರುಗಳೇ, ಪ್ರಬಂಧ ಇನ್ನೂ ಮುಗಿಸದೆ ಊಟಕ್ಕೆ ಮಾತ್ರ ತಪ್ಪದೆ ಬಂದಿರುವ ಗೆಳೆಯರೇ, ಸಭಿಕರೇ,

ಚಿಕಿತ್ಸಾ ಮನಶ್ಶಾಸ್ತ್ರ ಮತ್ತು ಆಪ್ತಸಮಾಲೋಚನೆಯ ಸ್ನಾತಕೋತ್ತರ ತರಗತಿ ಮುಗಿಸಿದ ಹನ್ನೊಂದು ಜನರ ಪರವಾಗಿ ಕೃತಜ್ಞತೆ ಹೇಳಲು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಕಾರ್ಯಕ್ರಮ ಪಟ್ಟಿಯಲ್ಲಿ ‘ಗಿಸೆಲ್ ಸೂಕ್‌ಡಿಯೋ, ಎರಡು ಮಾತು’ ಎಂದಿದೆ. ಟ್ರಿನಿಡಾಡಿನಲ್ಲಿ ಎರಡೇ ಮಾತಿಗೆ ನಿಲ್ಲಿಸಿದವರನ್ನು ಯಾರಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ.

ಮುಖ್ಯ ಅತಿಥಿಗಳಿಗಾಗಿ ಒಂದು ಪದ ಬಿಡಿಸಿ ಹೇಳಬೇಕು. ಟಬಾಂಕಾ. ಪ್ರೀತಿಸಿದವರು ಬಿಟ್ಟುಹೋದಾಗ ಊಟ ಸೇರದೆ, ನಿದ್ದೆ ಹತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲದೆ ಒದ್ದಾಡುವುದಕ್ಕೆ ನಾವು ಹಾಗೆನ್ನುತ್ತೇವೆ. ಅಂದ ಕೂಡಲೇ ನಗುತ್ತೇವೆ. ನೋಡಿ, ಹಿಂದಿನ ಸಾಲಿನವರು ಆಗಲೇ ನಕ್ಕರು. ಜ್ವರ ಬಂದವರ ಮನೆಗೆ ಸೂಪು ಒಯ್ಯುವ ನಮ್ಮ ಜನ, ಟಬಾಂಕಾ ಬಂದವರ ಬಾಗಿಲಲ್ಲಿ ನಿಂತು ಹಾಡು ಕಟ್ಟುತ್ತಾರೆ. ಟಬಾಂಕಾ ಬಂದವರೂ ನಮ್ಮ ಜೊತೆ ನಗಬೇಕು. ಅದು ಇಲ್ಲಿಯ ಪದ್ಧತಿ.

ನನ್ನ ಎರಡನೇ ವರ್ಷ, ಕಾರ್ನಿವಲ್ ಮುಗಿದ ವಾರ. ನಮ್ಮ ತರಬೇತಿ ಚಿಕಿತ್ಸಾಲಯಕ್ಕೆ ಮ್ಯಾಕ್ಸಿ ಟ್ಯಾಕ್ಸಿ ಓಡಿಸುವ ಒಬ್ಬರು ಬಂದರು. ವಯಸ್ಸು ನಲವತ್ತಾರು. ಹೆಸರು ಹೇಳುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಗಾಡಿಯ ಕೀಲಿ. ಕೂತವರೇ ಗಟ್ಟಿಯಾಗಿ ನಕ್ಕು ಹೇಳಿದರು:

‘ಡಾಕ್ಟ್ರಮ್ಮಾ, ನಂಗೆ ಟಬಾಂಕಾ ಹಿಡ್ಕೊಂಡಿದೆ. ಇದಕ್ಕೆ ಮಾತ್ರೆ ಇದ್ಯಾ?’

ನಾನು ಏನು ಮಾಡಿದೆ? ಒಂದೂವರೆ ವರ್ಷ ಕೇಳಿಸಿಕೊಳ್ಳುವುದನ್ನೇ ಕಲಿತವಳು, ಕೇಳಿಸಿಕೊಳ್ಳುವುದರಲ್ಲಿ ತರಗತಿಗೇ ಮೊದಲ ಅಂಕ ಪಡೆದವಳು, ಹೊಟ್ಟೆ ಹಿಡಿದು ನಕ್ಕೆ. ‘ಅಂಕಲ್, ಊರಲ್ಲಿ ಹುಡುಗೀರಿಗೆ ಬರವಾ? ಮುಂದಿನ ಕಾರ್ನಿವಲ್‌ನಲ್ಲಿ ನೀವೇ ನಂಗೆ ನಿಮ್ಮ ಹೊಸ ಜೋಡೀನ ತೋರಿಸ್ತೀರ ಬಿಡಿ’ ಅಂದೆ. ಅವರು ಇನ್ನೂ ನಕ್ಕರು. ಇಪ್ಪತ್ತು ನಿಮಿಷ ಇಬ್ಬರೂ ನಕ್ಕೆವು. ‘ರೋಗಿಯ ಮಾತಿನಲ್ಲೇ ದೂರು’ ಎಂಬ ಕಡೆ ‘ಟಬಾಂಕಾ’ ಎಂದು ಬರೆದು, ಪಕ್ಕದಲ್ಲಿ ಒಂದು ನಗುವ ಮುಖ ಬಿಡಿಸಿದೆ. ‘ಮತ್ತೆ ಬರುವ ಅಗತ್ಯವಿಲ್ಲ’ ಎಂಬುದಕ್ಕೆ ಗುರುತು ಹಾಕಿದೆ.

ಎಂಟನೇ ದಿನ ಅವರು ಜೀವ ಕಳೆದುಕೊಳ್ಳಲು ಹೊರಟರು. ನೆರೆಯವರು ನೋಡಿದರು, ಬದುಕಿಸಿದರು. ನಾನಲ್ಲ, ನೆರೆಯವರು.

ಆಸ್ಪತ್ರೆಗೆ ಹೋದೆ. ಬೈಯಲಿ ಎಂದೇ ಹೋಗಿದ್ದೆ. ಬೈಯಲಿಲ್ಲ. ‘ನಾನೇ ಮೊದ್ಲು ನಕ್ಕಿದ್ದಲ್ವಾಮ್ಮಾ’ ಅಂದರು. ‘ನೀನು ಯಾವಾಗ ನಗೋದು ನಿಲ್ಲಿಸ್ತೀಯಾ ಅಂತ ಕಾಯ್ತಾ ಕೂತಿದ್ದೆ. ಆಮೇಲೆ ಹೇಳೋಣ ಅಂತಿದ್ದೆ.’

ಸಭಿಕರೇ, ಇದನ್ನು ಯಾವ ಪಠ್ಯಪುಸ್ತಕ ನನಗೆ ಹೇಳಿಕೊಡಬೇಕಿತ್ತು? ಪುಸ್ತಕಗಳೆಲ್ಲ ಹೊರದೇಶದಿಂದ ಬರುತ್ತವೆ, ಅವುಗಳಲ್ಲಿ ಟಬಾಂಕಾ ಇಲ್ಲ. ನನಗಾದರೂ ಗೊತ್ತಿರಬೇಕಿತ್ತು. ಅಪ್ಪ ಕೆನಡಾಕ್ಕೆ ಹೋಗಿ ಅಲ್ಲೇ ಬೇರೆ ಸಂಸಾರ ಹೂಡಿದಾಗ ನನಗೆ ಒಂಬತ್ತು ವರ್ಷ. ಚಿಕ್ಕಮ್ಮಂದಿರು ರೊಟ್ಟಿ ಲಟ್ಟಿಸುತ್ತ, ‘ಅಕ್ಕಂಗೆ ಟಬಾಂಕಾ ಕಣೇ, ಹಿಟ್ಟಿಗೆ ಉಪ್ಪು ಹಾಕೋದೂ ಮರ್ತಿದಾಳೆ’ ಎಂದು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು. ನಾನೂ. ಆಮೇಲೆ ನನ್ನನ್ನು ಮೂರು ತಿಂಗಳು ದೊಡ್ಡಮ್ಮನ ಮನೆಯಲ್ಲಿ ಬಿಟ್ಟರು. ಅಮ್ಮ ಎಲ್ಲಿದ್ದಾಳೆ ಎಂದು ಯಾರೂ ಹೇಳಲಿಲ್ಲ... ಇದು ನಾನು ಬರೆದುಕೊಂಡು ಬಂದ ಹಾಳೆಯಲ್ಲಿ ಇರಲಿಲ್ಲ. ಅಮ್ಮ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ನಿನ್ನನ್ನು ಕೇಳದೆ ಹೇಳಿಬಿಟ್ಟೆ, ಕ್ಷಮಿಸಮ್ಮಾ.

ಸರಿ, ಮುಂದಕ್ಕೆ. ಅರ್ಧ ಬರೆದಿದ್ದ ಪ್ರಬಂಧ ಬಿಟ್ಟು, ಟಬಾಂಕಾ ಬಗ್ಗೆಯೇ ಹೊಸದಾಗಿ ಬರೆದೆ. ಅದಕ್ಕೇ ಎರಡು ವರ್ಷದ ಕಲಿಕೆ ನಾಲ್ಕು ವರ್ಷವಾಯಿತು. ಮೂವತ್ತೊಂದು ಜನರನ್ನು ಮಾತಾಡಿಸಿದೆ, ಅವರ ನಗು ಮುಗಿಯುವವರೆಗೆ ಕಾದೆ. ನಾಲ್ಕನೇ ಅಧ್ಯಾಯದಲ್ಲಿ ನನ್ನ ತಪ್ಪನ್ನೇ ಇಟ್ಟೆ. ನಗುವ ಮುಖವಿದ್ದ ಆ ಹಾಳೆಯನ್ನೂ ಇದ್ದ ಹಾಗೆಯೇ ಇಟ್ಟೆ. ಕಳೆದ ತಿಂಗಳು ನಮ್ಮ ಅಧ್ಯಕ್ಷರು ಕರೆಸಿದರು. ಒಳ್ಳೆಯ ಮನುಷ್ಯರು, ಕುರ್ಚಿ ಕೊಟ್ಟು ಕೂರಿಸಿದರು.

‘ಗಿಸೆಲ್, ಪ್ರಬಂಧ ಬಹಳ ಚೆನ್ನಾಗಿದೆ. ಆ ನಾಲ್ಕನೇ ಅಧ್ಯಾಯ ಒಂದು ತೆಗೆದುಬಿಡು. ಚಿಕಿತ್ಸಾಲಯದ ಮರ್ಯಾದೆ ಪ್ರಶ್ನೆ. ನಿನ್ನ ಮರ್ಯಾದೇನೂ ಸೇರಿದೆಯಲ್ಲ.’

‘ಅದನ್ನ ತೆಗೆದ್ರೆ ಉಳಿಯೋದೇನು ಸರ್?’

‘ಪದವಿ ಉಳಿಯುತ್ತಮ್ಮಾ.’

ನೀವು ನಗಬಹುದು, ನಾನೂ ಬಾಗಿಲು ದಾಟಿದ ಮೇಲೆ ನಕ್ಕೆ. ಇವತ್ತು ಸಂಜೆಯೊಳಗೆ ಅಧ್ಯಾಯ ತೆಗೆದ ಪ್ರತಿ ಕೊಟ್ಟರೆ ಸಹಿ, ಇಲ್ಲವಾದರೆ ಇಲ್ಲ ಎಂಬುದು ಅವರ ಷರತ್ತು. ಯಾರ ಮರ್ಯಾದೆ ಸ್ವಾಮಿ? ತಪ್ಪು ಮಾಡದ ಚಿಕಿತ್ಸಾಲಯ ಬೇಕೆಂದರೆ ಬೀಗ ಹಾಕಿದ ಚಿಕಿತ್ಸಾಲಯವೇ ಆಗಬೇಕು. ನನ್ನ ಹಿಂದೆ ಬರುವ ಹುಡುಗಿಯರು, ಹುಡುಗರು ಇದೇ ಊರಿನವರು. ಅವರಿಗೂ ನಗು ಬರುತ್ತದೆ. ಯಾರೂ ಹೇಳದಿದ್ದರೆ ಅವರೂ ‘ಅಗತ್ಯವಿಲ್ಲ’ ಎಂದು ಗುರುತು ಹಾಕುತ್ತಾರೆ.

ನಿನ್ನೆ ಆ ಮ್ಯಾಕ್ಸಿಯವರನ್ನು ಹುಡುಕಿಕೊಂಡು ಹೋದೆ. ಬೇಡವೆಂದರೆ ತೆಗೆಯುತ್ತೇನೆ, ಅದು ನಿಮ್ಮ ಹಕ್ಕು ಎಂದೆ. ಕ್ಯೂರೆಪ್ ನಿಲ್ದಾಣದಲ್ಲಿ ಕಡಲೆ ತುಂಬಿದ ಡಬಲ್ಸ್ ರೊಟ್ಟಿ ತಿನ್ನುತ್ತಿದ್ದರು. ಬೆರಳಿನ ಕಡಲೆ ಒರೆಸಿಕೊಂಡು ಹೇಳಿದರು: ‘ನನ್ ಹೆಸ್ರು ಹಾಕ್ಬೇಡ ಡಾಕ್ಟ್ರಮ್ಮಾ. ಆದ್ರೆ ನನ್ನ ತೆಗೀಬೇಡ.’

ಅಧ್ಯಕ್ಷರೇ, ಇಗೋ ಪೂರ್ತಿ ಪ್ರತಿ. ನಿಮ್ಮ ಮೇಜಿನ ಮೇಲೆ ಇಡುತ್ತಿದ್ದೇನೆ. ಸಹಿಯ ಜಾಗ ಖಾಲಿ ಇದೆ, ಪೆನ್ನು ಪಕ್ಕದಲ್ಲಿದೆ. ಇವತ್ತು ಹಾಕದಿದ್ದರೆ ಮುಂದಿನ ವರ್ಷ ಮತ್ತೆ ಇದನ್ನೇ ತರುತ್ತೇನೆ, ಒಂದು ಪುಟವೂ ಕಡಿಮೆ ಇರುವುದಿಲ್ಲ.

ಹನ್ನೊಂದು ಜನರ ಪರವಾಗಿ, ಅಥವಾ ಈಗ ಹತ್ತು ಜನರ ಪರವಾಗಿಯೋ ಏನೋ, ಕಲಿಸಿದ ಎಲ್ಲರಿಗೂ ವಂದನೆ. ಕೊಟ್ಟ ಐದು ನಿಮಿಷ ಮೀರಿದೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ನಮಸ್ಕಾರ.