ಕೊಟ್ಟೆ, ತಗೊಂಡೆ

ನಂಬುವುದಾದರೆ ಕೇಳಿ, ಇಲ್ಲದಿದ್ದರೆ ದೀಪ ಆರಿಸಿ ಮಲಗಿ. ಇದು ನಮ್ಮ ಟೇಪಕ್ಕನಿಗೆ ಆದದ್ದು. ಪಕ್ಕದ ಮನೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳಲ್ಲ, ಕೊರಳಲ್ಲಿ ಸದಾ ಅಳತೆ ಟೇಪು, ಅವಳೇ. ಗಂಡ ಲಿಫ್ಟ್ ರಿಪೇರಿಯವನು. ಮಕ್ಕಳು ಒಂದು ದಡ ಸೇರಿದ ಮೇಲೆ ಇಬ್ಬರೂ ಮನೆ ಮಾರಿ ಹಳೆಯದೊಂದು ಮೋಟಾರ್ ಯಾಟ್, ಅಂದರೆ ಒಳಗೇ ಸಂಸಾರ ಹೂಡಬಹುದಾದ ದೋಣಿ, ಕೊಂಡರು. ಅಡುಗೆ, ನಿದ್ದೆ, ಜಗಳ ಎಲ್ಲ ಅದರೊಳಗೇ. ಸಾಗರ ದಾಟಿಯೇ ತೀರಬೇಕು ಅನ್ನುವುದು ಟೇಪಕ್ಕನ ಹಟ. ನೆಂಟರೆಲ್ಲ ಬಾಯಿಗೆ ಬಂದಂತೆ ಆಡಿಕೊಂಡರು. ಅವಳು ಸೊಪ್ಪು ಹಾಕಲಿಲ್ಲ.

ಸಾಗರಕ್ಕೆ ಇಳಿಯುವ ಮುಂಚೆ ಕರಾವಳಿಯಲ್ಲೇ ಸಣ್ಣಪುಟ್ಟ ಪಯಣ ಮಾಡಿ ಕೈ ಪಳಗಿಸಬೇಕಲ್ಲ? ಹೊರಟಾಗಲೆಲ್ಲ ಏನೋ ಎಡವಟ್ಟು. ಒಮ್ಮೆ ಮಂಜು, ಒಮ್ಮೆ ಎಂಜಿನ್ ಬಿಸಿ, ಒಮ್ಮೆ ದಾರಿ ತಪ್ಪಿದ್ದು. ಬೆಳಗಾದರೆ ಹೊರಟ ಬಂದರಿನಲ್ಲೇ ಇರುತ್ತಿದ್ದರು. ಗಂಡನಿಗೆ ಸಾಕಾಗಿಹೋಯಿತು.

"ಇದೇ ಕೊನೆ ಸಲ ಕಣೇ. ನಾಳೆ ಬೆಳಗ್ಗೆ ಉತ್ತರದ ಬಂದರು ಮುಟ್ಟಿದ್ರೆ ಸಾಗರ. ಇಲ್ಲಾಂದ್ರೆ ದೋಣಿ ಮಾರೋದೇ," ಅಂದ.

"ಆಯ್ತು," ಅಂದಳು.

ಆ ರಾತ್ರಿ ಅಂಗಡಿಯಿಂದ ಬ್ರೆಡ್ಡು ಹಿಡಿದು ಒಬ್ಬಳೇ ಜೆಟ್ಟಿಯ ಕಡೆ ನಡೆದು ಬರುತ್ತಿದ್ದಳು. ಜೆಟ್ಟಿ ಶುರುವಾಗುವಲ್ಲಿ ಹಳೆಯ ಸಿಹಿನೀರಿನ ಬಾವಿ. ಕಟ್ಟೆಯ ಮೇಲೆ ಕಾವಲುಗಾರ ಕೂತಿದ್ದ, ಪಕ್ಕದಲ್ಲೊಂದು ರಟ್ಟಿನ ಡಬ್ಬಿ. ಅವಳನ್ನು ಕಂಡು ಟಾರ್ಚ್ ಆರಿಸಿದ.

"ಅಕ್ಕಾ... ನಿಮ್ಮ ದೋಣಿಯ ಹಳೇ ಯಜಮಾನ್ರು ಇನ್ನೂ ಅದರಿಂದ ಇಳಿದಿಲ್ಲ."

"ಅವರು ಸತ್ತು ಎಷ್ಟು ಕಾಲ ಆಯ್ತಪ್ಪಾ?"

"ಚುಕ್ಕಾಣಿ ಚಕ್ರ ಹಿಡಿದೇ ಸತ್ತಿದ್ದು. ಸಾಗರ, ಸಾಗರ ಅಂತಿದ್ರು. ಪ್ರತಿ ಸಲ ಅರ್ಧ ದಾರಿಗೆ ವಾಪಸ್ಸು." ಅವನು ಇನ್ನೂ ದನಿ ಇಳಿಸಿದ. "ದೋಣಿ ಮಾರಿದ್ದು ಮಗಳು... ಅವರು ಕೊಟ್ಟಿಲ್ಲ."

"ಇಳಿಯೋಕೆ ನಾನೇ ಹೇಳ್ತೀನಿ ಬಿಡು," ಅಂದು ನಡೆದೇಬಿಟ್ಟಳು. ಬಾವಿಯೊಳಗೆ ಎಲ್ಲೋ ಒಂದು ಹನಿ ಬಿತ್ತು... ಚಳಕ್.

ಕೊಟ್ಟಿಲ್ಲ ಅನ್ನುವುದಕ್ಕೆ ಒಂದು ಅರ್ಥ ಇದೆ. ದೋಣಿ ನಡೆಸುವವರಲ್ಲಿ ಪಾಳಿ ಬದಲಾಗುವಾಗ ಒಂದು ಕ್ರಮ. ಚುಕ್ಕಾಣಿಯ ಚಕ್ರ ಹಿಡಿದವರು "ಕೊಟ್ಟೆ" ಅನ್ನಬೇಕು. ಬಂದವರು "ತಗೊಂಡೆ" ಅನ್ನಬೇಕು. ಅದು ಕಿವಿಗೆ ಬೀಳುವ ತನಕ ಕೈ ಬಿಡುವಂತಿಲ್ಲ.

ಆ ರಾತ್ರಿಯೇ ದೋಣಿ ಬಿಟ್ಟರು. ನಡುರಾತ್ರಿ ಕಳೆದಿತ್ತು. ಎಂಜಿನ್ ಗುಡುಗುಡುಗುಡು ಅನ್ನುತ್ತಿತ್ತು. ಹೊರಗಿನ ಕತ್ತಲಲ್ಲಿ ಕಣ್ಣು ಕಾಣಲೆಂದು ಒಳಗಿನ ದೀಪ ಆರಿಸಿದ್ದಳು. ಬಲಗಡೆ ದೂರದಲ್ಲಿ ದಡದ ದೀಪಗಳು. ಅವಳ ಪಾಳಿ ಮುಗಿಯುತ್ತ ಬಂದಿತ್ತು, ಕಣ್ಣು ಎಳೆಯುತ್ತಿತ್ತು. ಬೆನ್ನ ಹಿಂದೆ ಮೆಟ್ಟಿಲ ಮೇಲೆ ಬರಿಗಾಲಿನ ಸದ್ದು. ಟಪ್... ಟಪ್... ಟಪ್.

ತಿರುಗದೆಯೇ "ಕೊಟ್ಟೆ" ಅಂದಳು.

"ತಗೊಂಡೆ."

ಒಣಗಿದ ದನಿ. ಗಂಡನಿಗೆ ಗಂಟಲು ಕಟ್ಟಿದೆ ಅಂದುಕೊಂಡು ಪಕ್ಕಕ್ಕೆ ಸರಿದು ಕೆಳಗಿಳಿದಳು. ಬಾಗಿಲು ತಳ್ಳಿದಳು. ಒಳಗಿಂದ... ಕೊರ್‌ರ್‌... ಪುಸ್. ಕೊರ್‌ರ್‌... ಪುಸ್.

ಗಂಡ ಗೊರಕೆ ಹೊಡೆಯುತ್ತಿದ್ದ.

ಎಬ್ಬಿಸಲು ಕೈ ಚಾಚಿ ಹಿಂದಕ್ಕೆಳೆದುಕೊಂಡಳು. ಎಬ್ಬಿಸಿದರೆ ವಾಪಸ್ ಹೋಗೋಣ ಅಂತಾನೆ, ಅಲ್ಲಿಗೆ ಮುಗಿಯಿತು. ಒಬ್ಬಳೇ ಮೇಲೆ ಹತ್ತಿದಳು.

ಚಕ್ರದ ಹತ್ತಿರ ಯಾರೂ ಇರಲಿಲ್ಲ. ಚಕ್ರ ಮಾತ್ರ ಮೆಲ್ಲಗೆ ತಿರುಗುತ್ತಿತ್ತು. ಕಟಕ್... ಕಟಕ್... ಬಲಗಡೆ ಇರಬೇಕಾದ ದಡದ ದೀಪಗಳು ಎಡಗಡೆಗೆ ಬರುತ್ತಿದ್ದವು. ದೋಣಿ ಹೊರಟ ಬಂದರಿಗೇ ಮುಖ ತಿರುಗಿಸಿತ್ತು.

ಎರಡೂ ಕೈಯಲ್ಲಿ ಹಿಡಿದಳು. ಅಲುಗಲಿಲ್ಲ. ಕಾಲು ಕೊಟ್ಟು ಎಳೆದಳು. ಊಹೂಂ.

ಭಯ ಆಗಲಿಲ್ವಾ ಅಂತ ನಾನೇ ಕೇಳಿದ್ದೇನೆ. ಆಯ್ತು, ಆದ್ರೆ ಸಿಟ್ಟು ಅದಕ್ಕಿಂತ ಜಾಸ್ತಿ ಇತ್ತು ಅಂದಳು. ಇಷ್ಟು ದಿನ ದಾರಿ ತಪ್ಪಿದ್ದು ತನ್ನಿಂದಲ್ಲ ಅಂತ ಆಗಲೇ ಅವಳಿಗೆ ಗೊತ್ತಾದದ್ದು.

"ಯಜಮಾನ್ರೇ," ಅಂದಳು ಪಿಸುದನಿಯಲ್ಲಿ. "ನೀವು ಅರ್ಧ ದಾರಿಗೆ ತಿರುಗಿದ್ರಿ ಅಂತ ನಾನೂ ತಿರುಗಬೇಕಾ? ಜೀವಮಾನವೆಲ್ಲ ಊರವರ ಅಳತೆ ತಗೊಂಡವಳು ನಾನು. ನಿಮ್ಮ ಅಳತೆಗೆ ನನ್ನ ಕತ್ತರಿಸೋಕೆ ಬಿಡಲ್ಲ."

ಚಕ್ರವನ್ನು ಇನ್ನೊಮ್ಮೆ ಜಗ್ಗಿದಳು.

"ಇರೋದಾದ್ರೆ ಇರಿ, ಸಾಗರ ನೋಡೋರಂತೆ. ಚಕ್ರ ಮಾತ್ರ ನಂದು. ಕೊಡಿ."

ಕಟಕ್... ಚಕ್ರ ನಿಂತಿತು. ಆದರೂ ಸಡಿಲವಾಗಲಿಲ್ಲ. ಇವಳೂ ಬಿಡಲಿಲ್ಲ. ರಟ್ಟೆ ಸೋತು ಬಂತು, ಬೆರಳು ಜೋಮು ಹಿಡಿದವು. ಕೊಡುವ ತನಕ ಇಲ್ಲಿಂದ ಕದಲಲ್ಲ ಅಂತ ಹಲ್ಲು ಕಚ್ಚಿ ನಿಂತಳು. ಎಷ್ಟೋ ಹೊತ್ತಿನ ಮೇಲೆ... ಕಿವಿಯ ಪಕ್ಕದಲ್ಲೇ... ಒಂದು ನಿಟ್ಟುಸಿರು.

"ಕೊಟ್ಟೆ."

"ತಗೊಂಡೆ," ಅಂದಳು ಟೇಪಕ್ಕ, ಗಟ್ಟಿಯಾಗಿ.

ಬೆಳಗ್ಗೆ ಗಂಡ ಕಣ್ಣುಜ್ಜಿಕೊಂಡು ಮೇಲೆ ಬಂದಾಗ ಉತ್ತರದ ಬಂದರು ಎದುರಿಗಿತ್ತು. "ನನ್ನ ಪಾಳಿಗೆ ಯಾಕೆ ಎಬ್ಬಿಸಲಿಲ್ಲ?" ಅಂದ. "ಬೇರೆಯವರು ಬಂದಿದ್ರು," ಅಂದಳು. ಆ ವರ್ಷವೇ ಸಾಗರ ದಾಟಿದರು. ಆಡಿಕೊಂಡ ನೆಂಟರಿಗೆಲ್ಲ ಆ ದಡದಿಂದಲೇ ಫೋನು ಮಾಡಿದಳು, ಒಬ್ಬರನ್ನೂ ಬಿಡಲಿಲ್ಲ.

ನೀವು ನಗುತ್ತೀರಿ. ಯಾಟಿನಲ್ಲಿ ಚಕ್ರವನ್ನು ತಾನೇ ತಿರುಗಿಸುವ ಯಂತ್ರ ಇರುತ್ತೆ, ಅದರದೇ ಕೆಲಸ ಅಂತೀರಿ. ಇತ್ತು, ಇಲ್ಲ ಅನ್ನುವುದಿಲ್ಲ. ಕೆಟ್ಟಿತ್ತು. ಹೊರಡುವ ಸಂಜೆ ಗಂಡ ಅದನ್ನು ಬಿಚ್ಚಿ, ರಟ್ಟಿನ ಡಬ್ಬಿಗೆ ಹಾಕಿ, ರಿಪೇರಿಗೆ ಕಳಿಸೆಂದು ಕಾವಲುಗಾರನ ಕೈಗೆ ಕೊಟ್ಟಿದ್ದ. ಆ ಡಬ್ಬಿಯನ್ನು ಮಾರನೇ ದಿನ ಬಾವಿಕಟ್ಟೆಯಿಂದ ಎತ್ತಿಕೊಂಡು ರಿಪೇರಿ ಅಂಗಡಿಗೆ ಹೊತ್ತವನು ನಾನೇ.